ಇಕೆಬಾನಾ ಕಲಿಯಲು ಯಾವ ಪಂಥದಿಂದ ಆರಂಭಿಸುವುದು ಸೂಕ್ತ?

ಪ್ರಶ್ನೆ:
ಪತಿಯ ಉದ್ಯೋಗದ ನಿಮಿತ್ತ ಟೋಕಿಯೊದಲ್ಲಿ ನೆಲೆಸಿರುವ ನನಗೆ ಇಕೆಬಾನಾ, ಅಂದರೆ ಜಪಾನಿನ ಹೂಜೋಡಣೆಯ ಕಲೆಯನ್ನು ಕಲಿಯುವ ಆಸೆಯಿದೆ. ವಿಚಾರಿಸಿದಾಗ ಇಕೆನೊಬೊ, ಒಹಾರಾ, ಸೊಗೆತ್ಸು ಎಂಬ ಪಂಥಗಳ ಹೆಸರು ಕೇಳಿಬಂದಿತು. ಇವುಗಳಲ್ಲಿ ಹೊಸಬರಿಗೆ ಯಾವುದು ಅನುಕೂಲ? ತರಗತಿಗೆ ಸೇರುವ ಮುನ್ನ ಮನೆಯಲ್ಲಿ ಏನನ್ನಾದರೂ ಅಭ್ಯಾಸ ಮಾಡಬಹುದೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1:
ಇವು ಹಿಂದೂಸ್ತಾನಿ ಸಂಗೀತದ ಘರಾಣೆಗಳಿದ್ದಂತೆ. ಪ್ರತಿಯೊಂದಕ್ಕೂ ತನ್ನದೇ ಗುರುಪರಂಪರೆ, ಪಾಠಕ್ರಮ ಮತ್ತು ಪ್ರಮಾಣಪತ್ರಗಳಿವೆ. ಎಲ್ಲಕ್ಕಿಂತ ಹಳೆಯದಾದ ಇಕೆನೊಬೊ, ಕ್ಯೋಟೊದ ರೊಕ್ಕಾಕುದೊ ದೇವಾಲಯದಲ್ಲಿ ದೇವರಿಗೆ ಹೂ ಅರ್ಪಿಸುತ್ತಿದ್ದ ಬೌದ್ಧ ಅರ್ಚಕರಿಂದ ಬೆಳೆದುಬಂದದ್ದು. ಅಲ್ಲಿನ ಸೆಂಕೆಯಿ ಎಂಬುವರ ಹೂಜೋಡಣೆಯನ್ನು ನೋಡಲು ಜನರು ಪೈಪೋಟಿಯಿಂದ ಬಂದರೆಂಬ ಉಲ್ಲೇಖ 1462ರ ದಿನಚರಿಯೊಂದರಲ್ಲಿದೆ. ಪಶ್ಚಿಮದ ಹೂಗಳು ಜಪಾನಿಗೆ ಬರತೊಡಗಿದ್ದ 19ನೆಯ ಶತಮಾನದ ಕೊನೆಯಲ್ಲಿ, ಒಹಾರಾ ಉನ್ಶಿನ್ ಅವರು ಅಗಲವಾದ, ಆಳವಿಲ್ಲದ ಪಾತ್ರೆಯಲ್ಲಿ ಹೂ ಜೋಡಿಸುವ ಮೊರಿಬಾನಾ ಶೈಲಿಯನ್ನು ರೂಪಿಸಿದರು. 1927ರಲ್ಲಿ ತೆಶಿಗಹಾರಾ ಸೊಫು ಸ್ಥಾಪಿಸಿದ ಸೊಗೆತ್ಸು, ಒಣ ಕೊಂಬೆ ಮತ್ತು ಲೋಹವನ್ನೂ ಒಳಗೊಳ್ಳುವಷ್ಟು ಉದಾರವಾದದ್ದರಿಂದ ಹೊಸಬರಿಗೆ ಅದನ್ನೇ ಸೂಚಿಸುತ್ತೇನೆ.

ಉತ್ತರ 2:
ಪಂಥಕ್ಕಿಂತ ಶಿಕ್ಷಕರು ಮುಖ್ಯವೆಂಬುದು ನನ್ನ ಅಭಿಪ್ರಾಯ. ನೀವು ಜೋಡಿಸಿದ್ದನ್ನು ಶಿಕ್ಷಕರು ತಿದ್ದುವಾಗ ಯಾವ ಎಲೆಯನ್ನು ಕತ್ತರಿಸಿದರು, ಏಕೆ ಕತ್ತರಿಸಿದರು ಎಂಬುದನ್ನು ಗಮನಿಸುವುದರಲ್ಲೇ ಅರ್ಧ ಪಾಠವಿದೆ. ಆದ್ದರಿಂದ ಸೇರುವ ಮುನ್ನ ಒಂದು ತರಗತಿಯನ್ನು ನೋಡಿ ಬನ್ನಿ.

ಮನೆಯ ಅಭ್ಯಾಸಕ್ಕೆ ಆಳವಿಲ್ಲದ ಪಾತ್ರೆ, ಕತ್ತರಿ ಮತ್ತು ಕೆಂಜಾನ್, ಅಂದರೆ ಹಿತ್ತಾಳೆಯ ಮುಳ್ಳುಗಳಿರುವ ಸೀಸದ ಬಿಲ್ಲೆ, ಇಷ್ಟಿದ್ದರೆ ಸಾಕು. ದಂಟಿನ ತುದಿಯನ್ನು ನೀರಿನೊಳಗೇ ಹಿಡಿದು ಕತ್ತರಿಸಿದರೆ ಗಾಳಿ ಒಳಸೇರದೆ ಹೂ ಹೆಚ್ಚು ದಿನ ಬಾಳುತ್ತದೆ. ಇದಕ್ಕೆ ಮಿಜುಕಿರಿ ಎನ್ನುತ್ತಾರೆ. ಕೊಂಬೆಯನ್ನು ಓರೆಯಾಗಿ ಕತ್ತರಿಸಿ, ಮೊದಲು ನೆಟ್ಟಗೆ ಚುಚ್ಚಿ, ಆಮೇಲೆ ಬುಡವನ್ನು ಒತ್ತಿ ಬೇಕಾದತ್ತ ಬಾಗಿಸಬೇಕು. ಮೊದಲೇ ಓರೆಯಾಗಿ ಚುಚ್ಚಿದರೆ ಅದು ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕೊಂಬೆಗಳ ಉದ್ದವನ್ನು ಹೇಗೆ ನಿರ್ಧರಿಸಬೇಕು?

ಉತ್ತರ 1:
ಸೊಗೆತ್ಸುವಿನ ಮೊದಲ ಪಾಠಗಳಲ್ಲಿ ಶಿನ್ ಎಂಬ ಮುಖ್ಯ ಕೊಂಬೆಯ ಉದ್ದವು ಪಾತ್ರೆಯ ಅಗಲ ಮತ್ತು ಆಳಗಳ ಮೊತ್ತದ ಸುಮಾರು ಒಂದೂವರೆ ಪಟ್ಟು ಇರುತ್ತದೆ. ಪಾತ್ರೆ 30 ಸೆಂ.ಮೀ. ಅಗಲ, 6 ಸೆಂ.ಮೀ. ಆಳವಿದ್ದರೆ ಶಿನ್ 54 ಸೆಂ.ಮೀ. ಆಗುತ್ತದೆ. ಸೊಯೆ ಎಂಬ ಎರಡನೆಯದು ಅದರ ಮುಕ್ಕಾಲು ಭಾಗ, ಹಿಕಾಯೆ ಎಂಬ ಮೂರನೆಯದು ಸೊಯೆಯ ಮುಕ್ಕಾಲು ಅಥವಾ ಅರ್ಧ. ಶಿನ್ ಬಹುಮಟ್ಟಿಗೆ ನೆಟ್ಟಗಿದ್ದು 10ರಿಂದ 15 ಡಿಗ್ರಿಯಷ್ಟೇ ವಾಲಿದರೆ, ಸೊಯೆ 45 ಡಿಗ್ರಿ, ಹಿಕಾಯೆ 75 ಡಿಗ್ರಿ ವಾಲುತ್ತವೆ. ಈ ಮೂರರ ನಡುವಿನ ಬಿಡುವನ್ನು ಹೂಗಳಿಂದ ತುಂಬಿಸಿಬಿಡಬೇಡಿ. ಕೆಂಜಾನ್ ಕಾಣದಷ್ಟು ಎಲೆ, ಹೂಗಳನ್ನು ಬುಡದಲ್ಲಿ ಸೇರಿಸಿದರೆ ಸಾಕಾಗುತ್ತದೆ.