ಸಣ್ಣ ಸಿಲಿಂಡರ್: ತುಂಬಿಸುವುದಾ, ಬದಲಿಸುವುದಾ?

ಪ್ರಶ್ನೆ: ಸುರತ್ಕಲ್‌ನಲ್ಲಿ ಬಾಡಿಗೆ ರೂಮು. ಮೇಲೆಯೇ ಬರ್ನರ್ ಕೂರಿಸುವ ಸಣ್ಣ ಸಿಲಿಂಡರ್‌ಗೆ ಅಂಗಡಿಯಲ್ಲಿ ಗ್ಯಾಸ್ ತುಂಬಿಸಿಕೊಡುತ್ತಾರಂತೆ. ಅದು ಸಾಕಾ, ಅಥವಾ ಕಂಪೆನಿಯ 5 ಕೆ.ಜಿ.ಯದ್ದು ತಗೊಳ್ಳಲಾ?

ಉತ್ತರ: ತುಂಬಿಸುವುದು ಬೇಡವೇ ಬೇಡ ಮಾರಾಯ್ರೆ. ಲೈಸೆನ್ಸ್ ಇಲ್ಲದೆ ತುಂಬುವುದು ಕಾನೂನುಬಾಹಿರ. ದೊಡ್ಡ ಸಿಲಿಂಡರನ್ನು ತಲೆಕೆಳಗೆ ಮಾಡಿ ದ್ರವ ಇಳಿಸುತ್ತಾರೆ, ಎಷ್ಟು ಇಳಿಯಿತೆಂದು ಲೆಕ್ಕವೇ ಇರುವುದಿಲ್ಲ. ಒಳಗೆ ಸುಮಾರು 15% ಜಾಗ ಖಾಲಿ ಉಳಿಯಲೇಬೇಕು. ಬಿಸಿಗೆ ದ್ರವ ಹಿಗ್ಗುತ್ತದೆ. ಹಿಗ್ಗಲು ಜಾಗ ಇಲ್ಲದಿದ್ದರೆ ಒತ್ತಡ ಏರಿ ಸಿಲಿಂಡರ್ ಒಡೆಯಬಹುದು. ಇನ್ನೊಂದು, ನಮ್ಮ ಕಡಲ ಗಾಳಿಗೆ ಅಡಿಯ ರಿಂಗ್ ಬೇಗ ತುಕ್ಕು ಹಿಡಿಯುತ್ತದೆ. ಸ್ವಂತ ಸಿಲಿಂಡರ್ ಪರೀಕ್ಷೆ ಮಾಡುವವರು ಯಾರು? ಖಾಲಿಯದ್ದು ಕೊಟ್ಟು ಕಂಪೆನಿಯ ತುಂಬಿದ ಸಿಲಿಂಡರ್ ಬದಲಿಸಿ ತರುವುದಾದರೆ ಆ ಕೆಲಸ ಕಂಪೆನಿಯದ್ದು.

ಉತ್ತರ: ಬದಲಿಸುವಾಗಲೂ ಕಣ್ಣು ಮುಚ್ಚಿ ತಗೊಳ್ಬೇಡಿ. ಸಿಲಿಂಡರ್‌ನ ಮೇಲ್ಭಾಗದ ಲೋಹದ ಪಟ್ಟಿಯಲ್ಲಿ ‘ಬಿ-27’ ಎಂದಿದ್ದರೆ ಪರೀಕ್ಷೆಯ ಗಡುವು 2027ರ ಜೂನ್. ಎ ಮಾರ್ಚ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಗಡುವು ಮೀರಿದ್ದನ್ನು ವಾಪಸ್ ಕೊಡಿ. ಖಾಲಿ ತೂಕವೂ ಅಲ್ಲೇ ಬರೆದಿರುತ್ತದೆ: ಮನೆಯ ದೊಡ್ಡ ಸಿಲಿಂಡರ್‌ನಲ್ಲಿ ಅದು 15.3 ಇದ್ದರೆ, ಗ್ಯಾಸಿನ 14.2 ಸೇರಿ 29.5 ಕೆ.ಜಿ. ತೂಗಬೇಕು. ಸೀಲ್ ತೆಗೆದ ಮೇಲೆ ವಾಲ್ವ್ ಒಳಗೆ ಕಪ್ಪು ರಬ್ಬರ್ ರಿಂಗ್ ಇದೆಯಾ ನೋಡಿ. ರೆಗ್ಯುಲೇಟರ್ ಹಾಕಿದಾಗ ವಾಸನೆ ಬರುವುದು ಹೆಚ್ಚಾಗಿ ಇದು ಸವೆದಾಗಲೇ. ಸಾಬೂನು ನೀರು ಹಚ್ಚಿ, ಗುಳ್ಳೆ ಎದ್ದರೆ ಬಳಸಬೇಡಿ. ಬೆಂಕಿಕಡ್ಡಿ ಗೀರಿ ನೋಡುವುದಂತೂ ಬೇಡ.

ಉತ್ತರ: 5 ಕೆ.ಜಿ.ಯದ್ದಕ್ಕೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಸೋರಿದರೆ 1906ಕ್ಕೆ ಫೋನ್ ಮಾಡಿ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಇಡಬೇಡಿ.