ಮೂಲೆ ಸೈಟಿನ ಎಂ-ಸ್ಯಾಂಡ್, ನಮ್ಮ ತಾರಸಿಯ ಪ್ಯಾನೆಲ್

ಮನೆ 41 | ಬೆಳಗ್ಗೆ 6:12
ರಾತ್ರಿ ಒಂದೂವರೆಯಿಂದ ನಾಲ್ಕರವರೆಗೆ ಮೂಲೆ ಸೈಟಿನಲ್ಲಿ ಮತ್ತೆ ಮೂರು ಟಿಪ್ಪರ್ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಸುರಿದಿದ್ದಾರೆ. ಇನ್ನು ಸುರಿಯುವುದಿಲ್ಲ ಎಂದು ಯುಗಾದಿಗೆ ಮೊದಲು ಕೊಟ್ಟ ಮಾತು ಏನಾಯಿತು? ಗಾಳಿ ಎದ್ದಿತು, ಹಿಂದೆಯೇ ನಾಲ್ಕು ಹನಿ ಮಳೆ. ಈಗ ತಾರಸಿಗೆ ಹೋದರೆ ಸೋಲಾರ್ ಪ್ಯಾನೆಲ್‌ಗಳಿಗೆ ಬೂದು ಕೆಸರು ಬಳಿದಂತಿದೆ. ಒದ್ದೆ ಬಟ್ಟೆಯಿಂದ ಒಂದು ಗೆರೆ ಎಳೆದೆ. ಗೆರೆಯೊಳಗೆ ನನ್ನ ಮುಖ ಕಾಣುತ್ತದೆ, ಪಕ್ಕದಲ್ಲಿ ಗಾಜೇ ಕಾಣುವುದಿಲ್ಲ. ಫೆಬ್ರುವರಿಯಲ್ಲಿ ದಿನಕ್ಕೆ 13 ಯೂನಿಟ್ ಕೊಡುತ್ತಿದ್ದ 3 ಕಿಲೋವಾಟ್ ನಿನ್ನೆ ಕೊಟ್ಟದ್ದು 9. ಸಾಲ ಮಾಡಿ ಹಾಕಿಸಿದ್ದೇನೆ. ಇನ್ನು ಸುಮ್ಮನಿರಲು ನನ್ನಿಂದಾಗದು.

ಮನೆ 8 | 6:20
ನಮ್ಮ ಮಗು ರಾತ್ರಿಯಿಡೀ ಕೆಮ್ಮಿದೆ ಅಣ್ಣ. ಸೋಮವಾರ ಎಲ್ಲರೂ ಸೇರಿ ವಾರ್ಡ್ ಕಚೇರಿಗೆ ಹೋಗೋಣ.

ಮನೆ 19 | 6:31
ಶುಭೋದಯ. ಉದಯಿಸುವ ಸೂರ್ಯ ನಿಮ್ಮ ಬಾಳಿಗೆ ಬೆಳಕು ತರಲಿ. ಹತ್ತು ಜನರಿಗೆ ಕಳುಹಿಸಿ.

ಮನೆ 33 | 6:33
ಮೊದಲು 41ರವರ ಪ್ಯಾನೆಲಿಗೆ ತರಲಿ.

ಮನೆ 12, ಖಜಾಂಚಿ | 6:40
ಎಲ್ಲದಕ್ಕೂ ಮೂಲೆ ಸೈಟನ್ನೇ ದೂರಬೇಡಿ. ಬಿಸಿಲು ಏರಿದರೂ ಉತ್ಪಾದನೆ ಇಳಿಯುತ್ತದೆ. ಪ್ಯಾನೆಲಿನೊಳಗೆ ವಿದ್ಯುತ್ ಮಾಡುವ ಕೋಶದ ಶಾಖ 25 ಡಿಗ್ರಿ ದಾಟಿದ ಮೇಲೆ ಡಿಗ್ರಿಗೆ ಶೇ 0.3ರಿಂದ 0.4ರಷ್ಟು ನಷ್ಟ. ಅದೂ ಅಲ್ಲದೆ ಮನೆ 40ರಲ್ಲಿ ಪಾರಿವಾಳಕ್ಕೆ ದಿನವೂ ಕಾಳು. ಆ ಹಿಕ್ಕೆಯನ್ನು ಯಾರ ತಲೆಗೆ ಕಟ್ಟುತ್ತೀರಿ?

ಮನೆ 40 | 6:44
ನಮ್ಮ ಯಜಮಾನರು ಇದ್ದಾಗಿನಿಂದ ಕಾಳು ಹಾಕುತ್ತಿದ್ದೇನೆ. ಆಗ ಯಾರಿಗೂ ತೊಂದರೆ ಇರಲಿಲ್ಲ.

ಮನೆ 12, ಖಜಾಂಚಿ | 6:45
ಆಗ ಪ್ಯಾನೆಲ್ ಇರಲಿಲ್ಲ. ಎರಡು ಸಭೆಯಲ್ಲಿ ಹೇಳಿದ್ದೇನೆ, ನಡಾವಳಿಯಲ್ಲಿ ಬರೆದಿದೆ.

ಮನೆ 27 | 7:05
ಶಾಖದ ಮಾತು ನಿಜ, ಖಜಾಂಚಿಗಳೇ. ಆದರೆ ನನ್ನದೂ 41ರವರದೂ ಒಂದೇ ಅಳತೆಯ ಪ್ಯಾನೆಲ್, ಒಂದೇ ಬಿಸಿಲು. ನಾನು ಭಾನುವಾರ ತೊಳೆದೆ. ನಿನ್ನೆ ನನಗೆ 12, ಅವರಿಗೆ 9. ಶಾಖ ಅವರೊಬ್ಬರ ಮನೆಗೇ ಬರಲಿಲ್ಲವಲ್ಲ?
ಧೂಳು ತೆಳುವಾಗಿ, ಸಮನಾಗಿ ಕುಳಿತರೆ ನಷ್ಟ ಅಷ್ಟಿಷ್ಟೇ. ನಮ್ಮಲ್ಲಿ ಪ್ಯಾನೆಲ್‌ಗಳ ಓರೆ ಕಡಿಮೆ. ಜೋರು ಮಳೆ ತೊಳೆದುಕೊಂಡು ಹೋಗುತ್ತದೆ, ತುಂತುರು ಬಂದರೆ ಧೂಳು ಜಾರಿ ಕೆಳಗಿನ ಚೌಕಟ್ಟಿನ ಅಂಚಿನಲ್ಲಿ ನಿಂತು ಗಾರೆಯಂತೆ ಒಣಗುತ್ತದೆ. ಕೋಶಗಳು ಸರಣಿಯಲ್ಲಿ ಜೋಡಣೆಯಾಗಿವೆ. ನೀರಿನ ಪೈಪನ್ನು ಒಂದೇ ಕಡೆ ಹಿಚುಕಿದರೂ ಹರಿವು ಪೂರ್ತಿ ತಗ್ಗುವುದಿಲ್ಲವೇ, ಹಾಗೆಯೇ ಕೆಳಸಾಲಿಗೆ ಬೆಳಕು ತಪ್ಪಿದರೆ ಮೇಲಿನ ಶುಭ್ರ ಕೋಶಗಳ ಶ್ರಮವೂ ವ್ಯರ್ಥ. ಹಿಕ್ಕೆ ಬಿದ್ದ ಕೋಶವಂತೂ ಕೊಡುವುದು ಬಿಟ್ಟು ತಾನೇ ಕಾಯತೊಡಗುತ್ತದೆ, ಕೊನೆಗೆ ಸುಟ್ಟ ಕಲೆಯೂ ಆಗಬಹುದು.

ಮನೆ 41 | 7:11
ಮೇಷ್ಟ್ರೇ, ನಾನು ಈಗಲೇ ಸೋಪಿನ ಪುಡಿ ಹಾಕಿ ತಿಕ್ಕಲೇ?

ಮನೆ 27 | 7:13
ಬೇಡ, ಬೇಡ. ಪುಡಿಯ ಪದರ ಗಾಜಿನ ಮೇಲೆ ಉಳಿಯುತ್ತದೆ. ಒಣಗಿದ್ದಾಗ ಉಜ್ಜಿದರೆ ಮರಳು ಗೀರುತ್ತದೆ. ಇನ್ವರ್ಟರ್ ಆರಿಸಿ, ಬಿಸಿಲೇರುವ ಮೊದಲು ನೆನೆಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಡಬಹುದು. ಬೋರ್‌ವೆಲ್ ನೀರಾದರೆ ತಾನಾಗಿ ಒಣಗಲು ಬಿಡಬೇಡಿ, ಸುಣ್ಣದ ಕಲೆ ಕೂರುತ್ತದೆ.

ಮನೆ 8 | 7:20
ಪ್ಯಾನೆಲ್ ಇರುವವರೆಲ್ಲ ಸೇರಿ ಹದಿನೈದು ದಿನಕ್ಕೊಮ್ಮೆ ತೊಳೆಯಲು ಇಬ್ಬರನ್ನು ಗೊತ್ತುಮಾಡೋಣವೇ? ಸಂಘದಿಂದ ಸ್ವಲ್ಪ ಹಣ ಕೊಟ್ಟರೆ ಅನುಕೂಲ.

ಮನೆ 12, ಖಜಾಂಚಿ | 7:22
ಸಂಘದ ಹಣ ಎಲ್ಲರದು. ಪ್ಯಾನೆಲ್ ಇಲ್ಲದವರು ಏಕೆ ಕೊಡಬೇಕು? ಕಳೆದ ವರ್ಷದ ಗಣಪತಿ ಚಂದಾವೇ ಆರು ಮನೆಯಿಂದ ಬಾಕಿ ಇದೆ. ಹೆಸರು ಹಾಕಲೇ?

ಮನೆ 33 | 7:26
ಹಾಕಿ. ನಾನು ಕೊಟ್ಟಿದ್ದೇನೆ, ರಸೀದಿ ಇದೆ.

ಮನೆ 15 | 7:30
ಕುಡಿಯುವುದಕ್ಕೇ ಟ್ಯಾಂಕರ್ ತರಿಸುತ್ತಿದ್ದೇವೆ, ನೀವು ಗಾಜು ತೊಳೆಯುವ ಮಾತಾಡುತ್ತಿದ್ದೀರಿ. ನನ್ನ ಭಾವ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸದಲ್ಲಿದ್ದರು. 2,050 ಮೆಗಾವಾಟಿನ ಪಾರ್ಕು, ಬರದ ತಾಲ್ಲೂಕು. ನೀರಿನ ಕಷ್ಟ ಏನೆಂದು ಅವರನ್ನು ಕೇಳಬೇಕು.

ಮನೆ 12, ಖಜಾಂಚಿ | 7:34
ಸರಿಯಾದ ಮಾತು. ನಲ್ಲಿಯಲ್ಲಿ ನೀರು ಬಂದು ಹನ್ನೊಂದು ದಿನವಾಯಿತು. ಸೋಮವಾರ ಹೋಗುವುದಾದರೆ ನೀರಿಗೇ ಹೋಗೋಣ. ಅರ್ಜಿ ನಾನು ಬರೆಯುತ್ತೇನೆ. ಸಹಿ ಹಾಕುವವರು ಮನೆ ಸಂಖ್ಯೆ ತಿಳಿಸಿ.

ಮನೆ 15 | 7:35
15

ಮನೆ 33 | 7:35
33

ಮನೆ 40 | 7:36
40. ಹಕ್ಕಿಗಳ ಬಟ್ಟಲಿಗೂ ನೀರಿಲ್ಲ.

ಮನೆ 41 | 7:41
ಅರ್ಜಿಯಲ್ಲಿ ಟಿಪ್ಪರ್ ವಿಷಯ ಇರುತ್ತದೆಯೇ?

ಮನೆ 8 | 7:48
ಮೊದಲು ನೀರಿನದು ಆಗಲಿ ಅಣ್ಣ. ಎರಡೂ ಸೇರಿಸಿದರೆ ಅವರು ಒಂದನ್ನೂ ನೋಡುವುದಿಲ್ಲ. 8

ಮನೆ 27 | 7:52
41ರವರೇ, ನಾಳೆ ಆರಕ್ಕೆ ನಿಮ್ಮ ತಾರಸಿಗೆ ಬರುತ್ತೇನೆ. ಉದ್ದ ಹಿಡಿಯ ಒರೆಸುವ ಕೋಲು ನನ್ನಲ್ಲಿದೆ. ರಾತ್ರಿಯೇ ಎರಡು ಬಕೆಟ್ ನೀರು ಎತ್ತಿಟ್ಟಿರಿ, ಅಷ್ಟೇ ಸಾಕು. ಅರ್ಜಿಗೆ ನನ್ನದೂ ಸೇರಿಸಿ, 27.