ಮೂಲಮನೆಯ ಕಂಪ್ಯೂಟರಿಗೆ ಯಾವ ಎಸ್‌ಎಂಪಿಎಸ್? ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ಚರ್ಚೆ

ಕಾರವಾರ ಮಾವ (ಫಾರ್ವರ್ಡ್): ಕಂಪ್ಯೂಟರಿನ ಎಸ್‌ಎಂಪಿಎಸ್ (ಅದಕ್ಕೆ ವಿದ್ಯುತ್ತು ಕೊಡುವ ಪೆಟ್ಟಿಗೆ) ಸುಟ್ಟರೆ ಅಂಗಡಿಗೆ ಹಣ ಸುರಿಯಬೇಡಿ. ಎಲ್ಲ ಎಸ್‌ಎಂಪಿಎಸ್‌ಗಳೂ ಒಂದೇ. ಪ್ಲಗ್ ಒಳಗೆ ಹೋದರೆ ಕೆಲಸ ಮಾಡುತ್ತದೆ, ಹೋಗದಿದ್ದರೆ ಕನ್ವರ್ಟರ್ ಹಾಕಿ. ಎಲ್ಲರಿಗೂ ತಿಳಿಸಿ.

ಕಾರವಾರ ಮಾವ: ಮೊನ್ನೆಯ ಗುಡುಗು ಸಿಡಿಲಿಗೆ ಮೂಲಮನೆಯ ಕಂಪ್ಯೂಟರು ಸತ್ತಿದೆ ಎಂದು ತಂಗಿ ಬರೆದಿದ್ದಳು. ನಮ್ಮ ಅಟ್ಟದಲ್ಲಿ ಹಳೆಯ ಎಸ್‌ಎಂಪಿಎಸ್ ಒಂದಿದೆ, ಮೇಲೆ 450 ವ್ಯಾಟ್ ಎಂದು ಬರೆದಿದೆ. ಭಾನುವಾರ ಶಿರಸಿಗೆ ಬರುವವನಿದ್ದೇನೆ, ಬರುವಾಗ ತಂದು ಕೂರಿಸಿಕೊಡುತ್ತೇನೆ.

ನಾನು: ಮಾವ, ದಯವಿಟ್ಟು ಕೂರಿಸುವ ಮೊದಲು ಒಂದು ದಿನ ತಡೆಯಿರಿ. ಆ ಕಂಪ್ಯೂಟರಿನಲ್ಲಿ ನಾಲ್ಕು ಮನೆಗಳ ಅಡಿಕೆ ಲೆಕ್ಕವೂ ತೋಟದ ಪಾಲುಪಟ್ಟಿಯ ಸ್ಕ್ಯಾನ್ ಪ್ರತಿಗಳೂ ಇವೆ. ಅದು ನಮ್ಮೆಲ್ಲರದೂ ಆದ ವಸ್ತು. ಪ್ಲಗ್ ಒಳಗೆ ಹೋಗುವುದನ್ನೇ ಹೊಂದಾಣಿಕೆಯ ಪುರಾವೆ ಎಂದು ಹೇಳುವ ಆ ಫಾರ್ವರ್ಡನ್ನು ನಾನು ಒಪ್ಪುವುದಿಲ್ಲ. ಬೋರ್ಡಿನಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯಲ್ಲಿ, ಇರುವ ಸಾಕೆಟ್ ಯಾವುದು, ಅದರ ಯಾವ ಪಿನ್ನಿಗೆ ಎಷ್ಟು ವೋಲ್ಟ್ ಬರಬೇಕು ಎಂಬುದನ್ನು ನೋಡಿದ ಮೇಲೆಯೇ ಎಸ್‌ಎಂಪಿಎಸ್ ಆರಿಸಬೇಕು.

ಕುಮಟಾ ಭಾವ: ನೀನು ಸಣ್ಣ ವಿಷಯವನ್ನು ದೊಡ್ಡದು ಮಾಡುತ್ತಿದ್ದೀಯ. ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ 24 ಪಿನ್ನಿನ ಬೋರ್ಡಿಗೆ 20 ಪಿನ್ನಿನ ಹಳೆಯ ಎಸ್‌ಎಂಪಿಎಸ್ ಹಾಕಿ ಆರು ವರ್ಷ ಓಡಿಸಿದ್ದೇನೆ. ನಾಲ್ಕು ತೂತು ಖಾಲಿ ಉಳಿದಿದ್ದವು, ಏನೂ ಆಗಲಿಲ್ಲ.

ನಾನು: ಭಾವ, ನೀವು ಹೇಳಿದ್ದು ಸುಳ್ಳಲ್ಲ, ಮತ್ತು ಅದು ನಡೆದದ್ದಕ್ಕೆ ಕಾರಣವಿದೆ. 1995ರಲ್ಲಿ ಇಂಟೆಲ್ ಕಂಪನಿ ಬೋರ್ಡು, ಎಸ್‌ಎಂಪಿಎಸ್‌ಗಳಿಗೆ ಎಟಿಎಕ್ಸ್ ಎಂಬ ಮಾದರಿಯನ್ನು ತಂದಾಗ ಮುಖ್ಯ ಕನೆಕ್ಟರಿಗೆ 20 ಪಿನ್ನುಗಳಿದ್ದವು. 2003ರ ಆವೃತ್ತಿಯಲ್ಲಿ ಅವು 24 ಆದಾಗ ಮೊದಲಿನ 20ರ ಜಾಗವನ್ನು ಕದಲಿಸದೆ, ತುದಿಯಲ್ಲಿ 12 ವೋಲ್ಟ್ (ಹಳದಿ), 5 ವೋಲ್ಟ್ (ಕೆಂಪು), 3.3 ವೋಲ್ಟಿನ (ಕಿತ್ತಳೆ) ಒಂದೊಂದು ವೈರನ್ನೂ ವಿದ್ಯುತ್ತು ಮರಳುವ ಒಂದು ಕಪ್ಪು ವೈರನ್ನೂ ಸೇರಿಸಿದರು. ಹೊಸ ನಾಲ್ಕೂ ಇದ್ದ ವೈರುಗಳಿಗೆ ಜೊತೆಯಾಳುಗಳೇ ಆದ್ದರಿಂದ ಅಂಗಡಿಯ ಬಿಲ್ ಮಾಡುವಷ್ಟೇ ಕೆಲಸದ ನಿಮ್ಮ ಕಂಪ್ಯೂಟರು ಅವಿಲ್ಲದೆಯೂ ಓಡಿತು. ಆದರೆ 20 ಪಿನ್ನಿನ ಕನೆಕ್ಟರಿನಲ್ಲಿ ಹಳದಿ ವೈರು ಒಂದೇ ಇರುತ್ತದೆ. ಗ್ರಾಫಿಕ್ಸ್ ಕಾರ್ಡ್ ಕೂರುವ ದೊಡ್ಡ ಸ್ಲಾಟೊಂದೇ 12 ವೋಲ್ಟಿನಲ್ಲಿ 5.5 ಆಂಪಿಯರ್, ಅಂದರೆ 66 ವ್ಯಾಟ್‌ವರೆಗೆ ಎಳೆಯಬಹುದು. ಅಷ್ಟೂ ಆ ಒಂಟಿ ಪಿನ್ನಿನ ಮೂಲಕ ಹರಿದರೆ ಪಿನ್ನು ಕಾದು, ಸುತ್ತಲಿನ ಬಿಳಿ ಪ್ಲಾಸ್ಟಿಕ್ ಮೊದಲು ಹಳದಿಯಾಗಿ ಆಮೇಲೆ ಕಂದಾಗುತ್ತದೆ.

ಕಾರವಾರ ಮಾವ: ತಮ್ಮಾ, ನನ್ನ ಎಸ್‌ಎಂಪಿಎಸ್‌ನಲ್ಲಿ 20 ಪಿನ್ನಿನ ಪಕ್ಕಕ್ಕೆ ಬೇರೆ ನಾಲ್ಕು ಪಿನ್ನಿನ ತುಂಡು ಕೂಡ ಇದೆ. ಅಂದಮೇಲೆ 24 ಆಯಿತಲ್ಲ?

ನಾನು: ಆ ತುಂಡನ್ನು ಸರಿಯಾಗಿ ನೋಡಬೇಕು ಮಾವ. ನಾಲ್ಕು ಪಿನ್ನಿನ ತುಂಡುಗಳಲ್ಲಿ ಎರಡು ಜಾತಿ. ಒಂದರಲ್ಲಿ ಹಳದಿ, ಕೆಂಪು, ಕಿತ್ತಳೆ, ಕಪ್ಪು ಹೀಗೆ ನಾಲ್ಕು ಬಣ್ಣಗಳಿದ್ದು, ಅದು 20ರ ಪಕ್ಕಕ್ಕೆ ಜಾರಿ ಸೇರಿಕೊಂಡು 24 ಆಗುತ್ತದೆ. ಇನ್ನೊಂದರಲ್ಲಿ ಎರಡು ಹಳದಿ, ಎರಡು ಕಪ್ಪು ಮಾತ್ರ ಇರುತ್ತವೆ. ಅದು ಪ್ರೊಸೆಸರಿಗೆ 12 ವೋಲ್ಟ್ ಕೊಡುವ ಬೇರೆಯೇ ಕನೆಕ್ಟರ್, 2000ದಲ್ಲಿ ಪೆಂಟಿಯಂ 4ರ ಕಾಲಕ್ಕೆ ಬಂದದ್ದು. ಅದನ್ನು ಹಾಕಲು ಮರೆತರೆ ಫ್ಯಾನ್ ತಿರುಗಿದರೂ ಪರದೆಯಲ್ಲಿ ಏನೂ ಮೂಡುವುದಿಲ್ಲ, ಬೋರ್ಡೇ ಹೋಯಿತೆಂದು ಜನ ತಿಳಿಯುತ್ತಾರೆ.

ಎಂಟು ಪಿನ್ನಿನದಂತೂ ಇನ್ನೂ ಎಚ್ಚರದ ವಿಷಯ. ಪ್ರೊಸೆಸರಿನ ಎಂಟರಲ್ಲಿ ನಾಲ್ಕು ಹಳದಿ, ನಾಲ್ಕು ಕಪ್ಪು. ಗ್ರಾಫಿಕ್ಸ್ ಕಾರ್ಡಿನ ಎಂಟರಲ್ಲಿ ಮೂರು ಹಳದಿ, ಐದು ಕಪ್ಪು, ಅದೂ ಹಳದಿಯ ಸಾಲು ಎದುರು ಬದಿಗೆ. ಎರಡನ್ನೂ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ ಕೆಲವು ತೂತು ಚೌಕ, ಕೆಲವು ತೂತು ಒಂದು ಬದಿಗೆ ಮೂಲೆ ಕತ್ತರಿಸಿದಂತೆ ಇರುವುದು ಕಾಣುತ್ತದೆ. ತಪ್ಪು ಪ್ಲಗ್ ಕೂರದಿರಲೆಂದು ಮಾಡಿದ ಏರ್ಪಾಡು ಅದು. ಆದರೆ ಪ್ಲಾಸ್ಟಿಕ್ ಮೆದು, ಹೆಬ್ಬೆರಳಿನ ಬಲಕ್ಕೆ ಬಗ್ಗುತ್ತದೆ. ಒತ್ತಿ ಕೂರಿಸಿದರೆ 12 ವೋಲ್ಟಿನ ವೈರು ನೇರವಾಗಿ ಕಪ್ಪು ವೈರಿನ ಜಾಗಕ್ಕೆ ತಗುಲಿ ಶಾರ್ಟ್ ಆಗುತ್ತದೆ.

ಕುಮಟಾ ಭಾವ: ಎಟಿಎಕ್ಸ್‌ಗೂ ಹಿಂದಿನ ಎಟಿ ಮಾದರಿಯ ಕಾಲದಲ್ಲಿ ಪಿ8, ಪಿ9 ಎಂದು ಆರಾರು ಪಿನ್ನಿನ ಎರಡು ಪ್ಲಗ್ ಇರುತ್ತಿದ್ದವು. ಎರಡರ ಕಪ್ಪು ವೈರುಗಳೂ ನಡುವೆ ಸೇರಬೇಕು ಎಂದು ನಮಗೆ ಬಾಯಿಪಾಠ ಮಾಡಿಸಿದ್ದರು. ಅದಲುಬದಲಾದರೆ ಬೋರ್ಡು ಅಲ್ಲಿಗೇ ಮುಗಿಯಿತು. ನಿನ್ನ ಮಾತಿನಲ್ಲಿ ಹುರುಳಿದೆ ಎಂದು ಈಗ ಅನಿಸುತ್ತಿದೆ. ಆದರೂ ಹೊಸತು ಕೊಳ್ಳುವ ಮೊದಲು ಇದ್ದದ್ದನ್ನು ಪರೀಕ್ಷಿಸಬಹುದಲ್ಲ? ಎಸ್‌ಎಂಪಿಎಸ್ ಆನ್ ಮಾಡುವ ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸೇರಿಸಿದರೆ ಫ್ಯಾನ್ ತಿರುಗುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ.

ನಾನು: ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಜೀವಂತ ಇದೆ ಎಂದಷ್ಟೇ ತಿಳಿಯುತ್ತದೆ, ಬೋರ್ಡಿನ ಭಾರ ಬಿದ್ದಾಗ ಅದು 12 ವೋಲ್ಟನ್ನು ಹಿಡಿದು ನಿಲ್ಲಿಸುತ್ತದೆಯೇ ಎಂಬುದು ತಿಳಿಯುವುದಿಲ್ಲ. ಮಾವ, 450 ವ್ಯಾಟ್ ಎಂಬ ದೊಡ್ಡಕ್ಷರವನ್ನು ಬಿಟ್ಟು ಕೆಳಗಿನ ಪಟ್ಟಿಯಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದು ನೋಡುತ್ತೀರಾ?

ಕಾರವಾರ ಮಾವ: 16 ಎಂದಿದೆ. ಪ್ಲಗ್ಗಿನ ಒಳಗೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂಡ ಕಾಣುತ್ತಿದೆ.

ನಾನು: 16ನ್ನು 12ರಿಂದ ಗುಣಿಸಿದರೆ 192 ವ್ಯಾಟ್. ಈಗಿನ ಪ್ರೊಸೆಸರು, ಕಾರ್ಡು ಎಲ್ಲವೂ ಎಳೆಯುವುದು ಮುಖ್ಯವಾಗಿ 12 ವೋಲ್ಟಿನಿಂದಲೇ, ಹಾಗಾಗಿ ಆ ಪೆಟ್ಟಿಗೆಯ ನಿಜವಾದ ಬಲ ಅಷ್ಟೇ. ಕಿಲುಬು ಕಾರವಾರದ ಉಪ್ಪುಗಾಳಿಯದು. ಕಿಲುಬು ಹಿಡಿದ ಪಿನ್ನು ವಿದ್ಯುತ್ತಿಗೆ ತಡೆಯೊಡ್ಡಿ ಅಲ್ಲಿಯೇ ಬಿಸಿಯಾಗುತ್ತದೆ. ಅದನ್ನು ಸ್ವಚ್ಛ ಮಾಡಲೆಂದು ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. 230 ವೋಲ್ಟನ್ನು ಡಿಸಿ ಮಾಡಿದಾಗ ಒಳಗಿನ ಕೆಪಾಸಿಟರಿನಲ್ಲಿ 325 ವೋಲ್ಟಿನಷ್ಟು ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

ನಾನು ಇಷ್ಟು ಹಟ ಹಿಡಿಯುವುದಕ್ಕೆ ಒಂದು ಕಾರಣವಿದೆ. ವೈರುಗಳನ್ನು ಬಿಚ್ಚಿ ಹಾಕಬಹುದಾದ ಎಸ್‌ಎಂಪಿಎಸ್ ಒಂದು ನನ್ನ ಹತ್ತಿರ ಇತ್ತು. ಹಾರ್ಡ್ ಡಿಸ್ಕಿನ ಕೇಬಲ್ ಸಾಲದೆ, ಬೇರೆ ಕಂಪನಿಯ ಎಸ್‌ಎಂಪಿಎಸ್‌ನ ಕೇಬಲನ್ನು ತಂದು ಹಾಕಿದೆ. ‘ಕಟ್’ ಎಂದು ಕೊಂಡಿ ಬಿತ್ತು, ಒಂದು ಕೂದಲೆಳೆಯಷ್ಟೂ ಸಡಿಲ ಇರಲಿಲ್ಲ. ಡಿಸ್ಕಿನ ಕಡೆಯ ತುದಿಗೆ ಎಲ್ಲ ಕಂಪನಿಗಳದೂ ಒಂದೇ ಕ್ರಮವಿದ್ದರೂ ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ಒಪ್ಪಂದವೇ ಇಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಯಿತು. ಸ್ವಿಚ್ ಹಾಕಿದ ಕ್ಷಣದಲ್ಲಿ ಡಿಸ್ಕಿನ ಕೆಳಗಿನ ಹಸಿರು ಹಲಗೆಯಿಂದ ಸಣ್ಣ ಎಳೆಯಾಗಿ ಹೊಗೆ ಎದ್ದಿತು. ಆಯಿಯ ಕೊನೆಯ ಎರಡು ವರ್ಷದ ಫೋಟೋಗಳು ಅದರಲ್ಲಿದ್ದವು.

ತಂಗಿ: ಅಣ್ಣಾ, ಪ್ಲಗ್ ಕಿತ್ತು, ಟಾರ್ಚ್ ಹಿಡಿದು ಈಗಷ್ಟೇ ಕ್ಯಾಬಿನೆಟ್ ತೆಗೆದು ನೋಡಿದೆ. ಬೋರ್ಡಿನಲ್ಲಿ 24 ಪಿನ್ನಿನ ಸಾಕೆಟ್ಟೇ ಇಲ್ಲ. ಆರು ಪಿನ್ನಿನದು ಒಂದು, ನಾಲ್ಕು ಪಿನ್ನಿನದು ಒಂದು, ಅಷ್ಟೇ. ಹಾರ್ಡ್ ಡಿಸ್ಕಿಗೆ ವೈರು ಎಸ್‌ಎಂಪಿಎಸ್‌ನಿಂದ ಬಂದಿಲ್ಲ, ಬೋರ್ಡಿನಿಂದಲೇ ಹೋಗಿದೆ. ಎಸ್‌ಎಂಪಿಎಸ್ ಕೂಡ ಉದ್ದಕ್ಕೆ ಕಿರಿದಾಗಿದೆ, ಮಾವ ಹೇಳುವಂಥದ್ದು ಈ ಜಾಗದಲ್ಲಿ ಹಿಡಿಸುವುದಿಲ್ಲ.

ನಾನು: ಇದು ಕಚೇರಿಗಳಿಂದ ಹಳತಾಗಿ ಬರುವ ಚಿಕ್ಕ ಕಂಪ್ಯೂಟರುಗಳ ರೀತಿ. ಇಂಥ ಬೋರ್ಡುಗಳು ಹೊರಗಿನಿಂದ 12 ವೋಲ್ಟನ್ನು ಮಾತ್ರ ಪಡೆದು 5 ಮತ್ತು 3.3 ವೋಲ್ಟನ್ನು ತಾವೇ ತಯಾರಿಸಿಕೊಳ್ಳುತ್ತವೆ, ಅದಕ್ಕೇ ಡಿಸ್ಕಿನ ವೈರು ಬೋರ್ಡಿನಿಂದ ಹೊರಡುವುದು. ಪಿನ್ನುಗಳ ಕ್ರಮ ಆಯಾ ತಯಾರಕರದೇ, ಆರು ಪಿನ್ ಎಂದ ಮಾತ್ರಕ್ಕೆ ಎರಡು ಕಂಪನಿಗಳದು ಒಂದೇ ಆಗುವುದಿಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಆರು ಪಿನ್ನಿನ ಪ್ಲಗ್ಗನ್ನು ಇದಕ್ಕೆ ಚುಚ್ಚಿ ನೋಡುವ ಯೋಚನೆ ಯಾರಿಗೂ ಬರದಿರಲಿ.

ಕಾರವಾರ ಮಾವ: 24ರಿಂದ ಆರಕ್ಕೆ ಕನ್ವರ್ಟರ್ ಆನ್‌ಲೈನಿನಲ್ಲಿ ಸಿಗುತ್ತದೆ ಎಂದು ನೋಡಿದೆ.

ನಾನು: ಸಿಗುತ್ತದೆ ಮಾವ, ಕೆಲವು ಚೆನ್ನಾಗಿಯೂ ನಡೆಯುತ್ತವೆ. ಆದರೆ ಕಂಪ್ಯೂಟರು ಆಫ್ ಇದ್ದಾಗಲೂ ಬೋರ್ಡಿಗೆ ಸಣ್ಣದೊಂದು ವಿದ್ಯುತ್ತು ಬೇಕು. ಸಾಮಾನ್ಯ ಎಸ್‌ಎಂಪಿಎಸ್‌ನಲ್ಲಿ ನೇರಳೆ ವೈರು ಅದನ್ನು 5 ವೋಲ್ಟಿನಲ್ಲಿ ಕೊಡುತ್ತದೆ, ಇಂಥ ಹಲವು ಬೋರ್ಡುಗಳು 12 ವೋಲ್ಟನ್ನು ಬಯಸುತ್ತವೆ. ಆಗ 5ನ್ನು 12ಕ್ಕೆ ಏರಿಸುವ ಪುಟ್ಟ ಸರ್ಕ್ಯೂಟು ಕನ್ವರ್ಟರಿನೊಳಗೆ ಇರಬೇಕು. ಇದೆಯೋ ಇಲ್ಲವೋ ಎಂಬುದು ಫೋಟೋದಲ್ಲಿ ಕಾಣುವುದಿಲ್ಲ. ನಿಮ್ಮ ಎಸ್‌ಎಂಪಿಎಸ್ ಪೆಟ್ಟಿಗೆ ಕ್ಯಾಬಿನೆಟ್ಟಿನ ಹೊರಗೆ ಕೂರಬೇಕಾದ್ದರಿಂದ ಮಳೆಗಾಲದ ತಂಡಿಯಲ್ಲಿ, ಇರುವೆ ಜಿರಲೆಗಳ ನಡುವೆ ಅದನ್ನು ತೆರೆದಿಡುವುದೂ ನನಗೆ ಒಪ್ಪಿಗೆಯಿಲ್ಲ.

ತಂಗೀ, ಹಳೆಯ ಎಸ್‌ಎಂಪಿಎಸ್‌ನ ಲೇಬಲ್ಲಿನಲ್ಲಿ ಪಾರ್ಟ್ ನಂಬರ್ ಇರುತ್ತದೆ. ಅದರ ಫೋಟೋವನ್ನೂ ಎರಡು ಸಾಕೆಟ್ಟುಗಳ ಹತ್ತಿರದ ಫೋಟೋವನ್ನೂ ಹಾಕು. ಡಿಸ್ಕನ್ನು ಬಿಚ್ಚಿ ಬೇರೆ ಇಡು. ಹೊಸ ಎಸ್‌ಎಂಪಿಎಸ್‌ನಲ್ಲಿ ಬೋರ್ಡು ಸರಿಯಾಗಿ ಎದ್ದದ್ದನ್ನು ಕಂಡ ಮೇಲೆಯೇ ಅದನ್ನು ಜೋಡಿಸೋಣ.

ತಂಗಿ: ಡಿಸ್ಕ್ ಬಿಚ್ಚಿ ಗೋದ್ರೇಜಿನಲ್ಲಿ ಇಟ್ಟೆ. ಫೋಟೋ ಮೂರು ಹಾಕಿದ್ದೇನೆ.

ಕುಮಟಾ ಭಾವ: ಗುರುವಾರ ಹುಬ್ಬಳ್ಳಿಗೆ ಹೋಗುವ ಕೆಲಸವಿದೆ. ಪಾರ್ಟ್ ನಂಬರ್ ಬರೆದುಕೊಂಡಿದ್ದೇನೆ. ಅದೇ ನಂಬರಿನದು ಸಿಕ್ಕರೆ ಮಾತ್ರ ತರುತ್ತೇನೆ.

ಕಾರವಾರ ಮಾವ: ಹಾಗೇ ಆಗಲಿ. ನನ್ನ ಪಾಲಿನ ಹಣವನ್ನು ಇವತ್ತೇ ಕಳಿಸುತ್ತೇನೆ. ಮೇಲಿನ ಫಾರ್ವರ್ಡನ್ನು ಅಳಿಸಿದ್ದೇನೆ, ಬೇರೆ ಎರಡು ಗುಂಪಿಗೂ ಹಾಕಿದ್ದೆ, ಅಲ್ಲಿಯೂ ತಪ್ಪೆಂದು ಬರೆಯುತ್ತೇನೆ.